ಸಂಕದ ಮೇಲೆ ಓಡುವ ರೈಲು

(ಕಾರವಾರದಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ)

ಮೋನೋರೈಲಿನ ಬಗ್ಗೆ ಮಾತಾಡಲಿಕ್ಕೆ ಹೋಗುತ್ತಿದ್ದೇನೆ ಅಂದಾಗ ಪಕ್ಕದ ಮನೆಯವರು ನಕ್ಕರು. "ಅದರಲ್ಲಿ ಹೊಸದೇನು ಸರ್? ನಮ್ಮ ಕೊಂಕಣ ರೈಲ್ವೆನೂ ಮೋನೋರೈಲೇ ಅಲ್ವಾ, ಇರೋದು ಒಂದೇ ಲೈನು!" ಅಂದರು. ಎದುರಿನ ರೈಲಿಗೆ ದಾರಿ ಬಿಡಲು ನಿಂತ ಗಾಡಿಯಲ್ಲಿ ಕೂತು, ಶೇಂಗಾ ಪೊಟ್ಟಣ ಖಾಲಿ ಮಾಡಿದವರಿಗೆಲ್ಲ ಈ ಜೋಕು ಅರ್ಥವಾಗುತ್ತದೆ.

ಆದರೆ ಅಲ್ಲಿ ಇರುವುದು ಒಂದು ಜೋಡಿ ಹಳಿ. ಎಡಕ್ಕೊಂದು, ಬಲಕ್ಕೊಂದು. ಮೋನೋರೈಲಿಗೆ ಆ ಜೋಡಿಯೂ ಇಲ್ಲ. ಈಗಿನ ಮೋನೋರೈಲುಗಳಲ್ಲಿ ಹೆಚ್ಚಿನವಕ್ಕೆ ಹಳಿ ಅನ್ನುವುದೇ ಇಲ್ಲ. ಕಂಬದಿಂದ ಕಂಬಕ್ಕೆ ಒಂದು ಕಾಂಕ್ರೀಟ್ ತೊಲೆ. ಅದರ ಅಗಲ ಮುಂಬೈಯಲ್ಲಿ ಒಂದು ಮೀಟರೂ ಇಲ್ಲ. ಈ ತೊಲೆಯ ಮೇಲೆ ರೈಲು ಎರಡೂ ಕಡೆ ಕಾಲು ಇಳಿಬಿಟ್ಟು ಕೂತಿರುತ್ತದೆ, ಎಮ್ಮೆ ಮೇಲೆ ಹುಡುಗ ಕೂತ ಹಾಗೆ. ಮೇಲ್ಗಡೆ ಭಾರ ಹೊರುವ ರಬ್ಬರು ಟೈರು. ಎರಡು ಪಕ್ಕದಲ್ಲೂ ತೊಲೆಯನ್ನು ಒತ್ತಿ ಹಿಡಿಯುವ ಚಿಕ್ಕ ಟೈರುಗಳು. ಅಡಿಕೆ ಮರವನ್ನು ತಬ್ಬಿ ಏರುವ ಕೊನೆಗೌಡನ ಕೈಕಾಲು ನೆನಪು ಮಾಡಿಕೊಳ್ಳಿ. ಆ ಪಕ್ಕದ ಟೈರುಗಳ ಕೆಲಸ ಅದೇ.

ನಾನು ಹುಟ್ಟಿದ್ದು ಶಿರಸಿ ಕಡೆಯ ಹಳ್ಳಿಯಲ್ಲಿ. ಮನೆಗೂ ಶಾಲೆಗೂ ನಡುವೆ ಒಂದು ಹಳ್ಳ, ಅದಕ್ಕೊಂದು ಸಂಕ. ಕಾರವಾರದಲ್ಲೇ ಬೆಳೆದ ಮಕ್ಕಳಿಗೆ ಸಂಕ ಅಂದರೆ ಏನಂತ ಹೇಳಬೇಕಾಗುತ್ತದೆ. ಎರಡು ಅಡಿಕೆ ಮರ ಕಡಿದು, ಜೋಡಿಸಿ, ಬಳ್ಳಿ ಸುತ್ತಿ, ದಡದಿಂದ ದಡಕ್ಕೆ ಹಾಕಿದ್ದು. ಕೈಗೆ ಒಂದು ಬಿದಿರು ಕಟ್ಟಿದ್ದರೆ ಪುಣ್ಯ. ನನ್ನ ಅಜ್ಜಿ ತಲೆ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು ಅದರ ಮೇಲೆ ರಸ್ತೆಯಲ್ಲಿ ನಡೆದ ಹಾಗೇ ನಡೆಯುತ್ತಿದ್ದಳು. ನಾನು ನಟ್ಟನಡುವೆ ನಿಂತುಬಿಡುತ್ತಿದ್ದೆ. ಹೆದರಿ ಅಲ್ಲ, ನೋಡಲಿಕ್ಕೆ. ಕೆಳಗೆ ಕೆಂಪು ನೀರು, ಎರಡೂ ಕಡೆ ಅಡ್ಡ ಏನೂ ಇಲ್ಲ. ದೊಡ್ಡ ಸೇತುವೆ ಮೇಲೆ ನಿಂತರೆ ಆ ನೋಟ ಸಿಗುವುದಿಲ್ಲ. ಕಟಕಟೆ ಅಡ್ಡ ಬರುತ್ತದೆ, ಫುಟ್‌ಪಾತ್ ಅಡ್ಡ ಬರುತ್ತದೆ. ಸಂಕ ಸಪೂರ ಇರುವುದಕ್ಕೇ ಹೊಳೆ ಪೂರ್ತಿ ಕಾಣುತ್ತದೆ.

ಆಚೆಯಿಂದ ಯಾರಾದರೂ ಬಂದರೋ, ಒಬ್ಬರು ಹಿಂದೆ ಸರಿಯಬೇಕು. ಕಾಲು ಜಾರಿದರೆ ಹಿಡಿಯಲು ಏನಿಲ್ಲ. ಅದೂ ಸಂಕ ಸಪೂರ ಇರುವುದಕ್ಕೇ.

ನಾನು ಮುಂಬೈಯ ಮೋನೋರೈಲು ಹತ್ತಿದ್ದು 2019ರಲ್ಲಿ. ಅಕ್ಕನ ಮನೆ ಚೆಂಬೂರಿನಲ್ಲಿ. ಅಲ್ಲಿ ಮೊದಲ ಹಂತ, ಚೆಂಬೂರಿನಿಂದ ವಡಾಲಾ ಡಿಪೋವರೆಗೆ, 2014ರ ಫೆಬ್ರವರಿಯಲ್ಲೇ ಶುರುವಾಗಿತ್ತು. 2019ರ ಮಾರ್ಚ್‌ನಲ್ಲಿ ಅದು ಸಂತ ಗಾಡಗೆ ಮಹಾರಾಜ ಚೌಕದವರೆಗೆ, ಅಂದರೆ ಜನ ಜೇಕಬ್ ಸರ್ಕಲ್ ಅನ್ನುವ ಜಾಗದವರೆಗೆ, ಮುಂದುವರಿಯಿತು. ಒಟ್ಟು 20 ಕಿ.ಮೀ. ಹತ್ತಿರ, 17 ಸ್ಟೇಷನ್. ಭಾರತದಲ್ಲಿ ಈ ಕಾಲದ ನಗರ ಮೋನೋರೈಲು ಅಂತ ಕಟ್ಟಿದ್ದು ಇದೊಂದೇ.

ಭಾವ ಬರಲಿಲ್ಲ. "ಅದರಲ್ಲಿ ಯಾರು ಹೋಗ್ತಾರೆ ಮಾರಾಯ, ಲೋಕಲ್ ಹತ್ತಿದ್ರೆ ಅರ್ಧ ಹೊತ್ತಲ್ಲಿ ಮುಟ್ತೀಯ" ಅಂದರು. ಅಳಿಯ ಬಂದ. ಆಗ ಅವನಿಗೆ ಹತ್ತು ವರ್ಷ. ಮಧ್ಯಾಹ್ನದ ಹೊತ್ತು, ಬೋಗಿ ಮುಕ್ಕಾಲು ಖಾಲಿ. ಮುಂಬೈಯಲ್ಲಿ ಓಡಿ ಹೋಗಿ ಹಿಡಿಯದೆ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದು ನನಗೆ ಜೀವಮಾನದಲ್ಲಿ ಅದೇ ಮೊದಲು.

ಹೊರಟ ಕೂಡಲೇ ಗೊತ್ತಾಗುವುದು ಸದ್ದು. ಕಬ್ಬಿಣದ ಗಾಲಿಯ ಕಟಕಟ ಇಲ್ಲ, ಒಂದು ಸಣ್ಣ ಗುಂಯ್ ಅನ್ನುವ ದನಿ ಅಷ್ಟೇ. ಆದರೆ ಮೆತ್ತಗಿನ ಪ್ರಯಾಣ ಅಂತ ತಿಳಿಯಬೇಡಿ. ತೊಲೆಯ ಸಂದು ಬಂದಲ್ಲೆಲ್ಲ ಒಂದು ಕುಲುಕು. ತಿರುವಿನಲ್ಲಿ ಬೋಗಿ ಮಗ್ಗುಲಿಗೆ ವಾಲುತ್ತದೆ. ಕಿಟಕಿಗೆ ಮುಖ ಒತ್ತಿ ಕೆಳಗೆ ನೋಡಿದರೆ ತೊಲೆ ಕಾಣುವುದಿಲ್ಲ, ಅದು ನಿಮ್ಮ ಕಾಲಡಿಯಲ್ಲೇ ಅಡಗಿರುತ್ತದೆ. ಕಾಣುವುದು ಬರೀ ಗಾಳಿ, ಅದರ ಕೆಳಗೆ ರಸ್ತೆ, ರಿಕ್ಷಾಗಳ ನೆತ್ತಿ. "ಮಾಮಾ, ನಾವು ಯಾವುದರ ಮೇಲೆ ಹೋಗ್ತಾ ಇದೀವಿ?" ಅಂತ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ.

ಚೆಂಬೂರು ದಾಟಿದ ಮೇಲೆ ರಸಗೊಬ್ಬರ ಕಾರ್ಖಾನೆಯ ಕಡೆ, ಆಮೇಲೆ ತೈಲ ಶುದ್ಧೀಕರಣದ ಟ್ಯಾಂಕುಗಳು, ಕೊಳವೆಗಳ ಕಾಡು. ನಡುವೆ ಮೂರನೇ ಮಹಡಿಯ ಎತ್ತರದಲ್ಲಿ ಜನರ ಮನೆ. ಒಂದು ಬಾಲ್ಕನಿಯಲ್ಲಿ ಹಳೆ ಸೀರೆ ಹಾಸಿ ಹಪ್ಪಳ ಒಣಗಿಸಿದ್ದರು. ಹಪ್ಪಳದ ನಡುವೆ ಕಾಗೆ ಓಡಿಸಲು ಕೋಲು ಹಿಡಿದ ಒಬ್ಬ ಮುದುಕ ಕೂತಿದ್ದ. ಅವನೂ ನಾನೂ ಒಂದು ಕ್ಷಣ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆವು. ಅವನು ನನ್ನ ಮೇಲೂ ಕೋಲು ಎತ್ತುತ್ತಾನೋ ಅನ್ನಿಸಿತು. ಎತ್ತಿದ್ದರೂ ತಪ್ಪಲ್ಲ, ದಿನವಿಡೀ ಯಾರ್ಯಾರೋ ಮನೆಯೊಳಗೆ ಇಣುಕಿ ಹೋದರೆ? ಸಿಂಗಪುರದ ಬುಕಿಟ್ ಪಂಜಾಂಗ್ ಅನ್ನುವಲ್ಲಿ ಇಂಥದೇ ಎತ್ತರದ ಒಂದು ಚಿಕ್ಕ ರೈಲಿದೆ. ಅದು ಮೋನೋರೈಲಲ್ಲ. ಆದರೆ ವಸತಿ ಕಟ್ಟಡಗಳ ಹತ್ತಿರ ಬಂದ ಕೂಡಲೇ ಅದರ ಕಿಟಕಿ ಗಾಜು ತನ್ನಷ್ಟಕ್ಕೇ ಮಂಜು ಕವಿದ ಹಾಗೆ ಮಸುಕಾಗುತ್ತದೆ. ಮನೆ ದಾಟಿದ ಮೇಲೆ ಮತ್ತೆ ತಿಳಿಯಾಗುತ್ತದೆ. ಮಾನ ಕಾಯುವ ಗಾಜು!

ಆಮೇಲೆ ಬಂತು ಮೈಸೂರು ಕಾಲನಿ ಸ್ಟೇಷನ್. ಹೆಸರು ಕೇಳಿಯೇ ಖುಷಿಯಾಯಿತು. ಅಲ್ಲಿಂದ ಭಕ್ತಿ ಪಾರ್ಕ್‌ವರೆಗಿನ ದಾರಿ ಇದೆಯಲ್ಲ, ಅದನ್ನು ನೀವು ನೋಡಬೇಕು. ಊರು ತಟ್ಟನೆ ಮುಗಿದುಹೋಗುತ್ತದೆ. ಕೆಳಗೆ ಕಾಂಡ್ಲ ಗಿಡಗಳು, ಕೆಸರು, ಕೆಸರಿನಲ್ಲಿ ಬಿಳಿ ಹಕ್ಕಿ, ಆಚೆ ಉಪ್ಪಿನಾಗರ. ಒಂದು ಗಳಿಗೆ ನಾನು ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲೇ ಇದ್ದೇನೆ ಅನ್ನಿಸಿತು. ಇಡೀ ಮುಂಬೈಯಲ್ಲಿ ನಮ್ಮ ಜಿಲ್ಲೆಯ ಹಾಗೆ ಕಾಣುವ ಜಾಗ ತೋರಿಸಿ ಅಂದರೆ ನಾನು ಆ ಒಂದೆರಡು ಕಿಲೋಮೀಟರ್ ತೋರಿಸುತ್ತೇನೆ. ಅದನ್ನು ಅಷ್ಟು ಎತ್ತರದಿಂದ, ಎರಡೂ ಕಡೆ ಅಡ್ಡ ಇಲ್ಲದೆ ತೋರಿಸಿದ್ದು ಆ ಸಪೂರ ತೊಲೆ. ಆ ಜಾಗವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರುತ್ತೇನೆ.

ಇದು ಈಚಿನ ಆಸೆ ಅಂದುಕೊಳ್ಳಬೇಡಿ. ಒಂದೇ ಹಳಿ ಸಾಕು, ಅರ್ಧ ಖರ್ಚು ಉಳಿಯುತ್ತದೆ ಅನ್ನುವ ಲೆಕ್ಕ ನೂರು ವರ್ಷಕ್ಕೂ ಹಳೆಯದು. ಐರ್ಲೆಂಡಿನಲ್ಲಿ ಲಿಸ್ಟೋವೆಲ್‌ನಿಂದ ಬ್ಯಾಲಿಬನಿಯನ್‌ಗೆ 1888ರಿಂದ 1924ರವರೆಗೆ ಒಂದು ರೈಲು ಓಡಿತು. ಅಡಿಯಿಂದ ಮುಡಿಯವರೆಗೆ ಅದೊಂದು ಕಾವಡಿ. ಸೊಂಟದ ಎತ್ತರದಲ್ಲಿ ಒಂದು ಹಳಿ, ಅದರ ಎರಡೂ ಪಕ್ಕ ಇಳಿಬಿಟ್ಟ ಬೋಗಿ. ಎರಡೂ ಕಡೆ ಭಾರ ಸಮ ಇರಬೇಕು. ಒಬ್ಬ ರೈತ ಒಂದು ಹಸು ಕಳಿಸಬೇಕಾದರೆ ಇನ್ನೊಂದು ಪಕ್ಕದಲ್ಲಿ ಎರಡು ಕರು ಹತ್ತಿಸಬೇಕಿತ್ತಂತೆ. ವಾಪಸ್ ಬರುವಾಗ ಈ ಪಕ್ಕ ಒಂದು ಕರು, ಆ ಪಕ್ಕ ಒಂದು ಕರು. ಕಥೆ ಎಷ್ಟು ನಿಜವೋ, ಅಲ್ಲಿಯವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ನಮ್ಮ ದೇಶದಲ್ಲೂ ಇತ್ತು. ಮುನ್ನಾರಿನ ಚಹಾ ತೋಟದಲ್ಲಿ 1902ರಲ್ಲಿ ಒಂದೇ ಹಳಿಯ ಗಾಡಿ ಹಾಕಿದರು. ಎಳೆಯುವುದಕ್ಕೆ ಎತ್ತುಗಳು! ಗಾಡಿಯ ಚಿಕ್ಕ ಗಾಲಿ ಹಳಿಯ ಮೇಲೆ, ಬೀಳದಂತೆ ತಡೆಯುವ ದೊಡ್ಡ ಗಾಲಿ ಪಕ್ಕದ ರಸ್ತೆಯ ಮೇಲೆ. 1908ರಲ್ಲಿ ಅದನ್ನು ತೆಗೆದು ಎರಡು ಹಳಿಯ ಸಣ್ಣ ರೈಲು ಮಾಡಿದರು. 1924ರ ಮಹಾ ಮಳೆ ಅದನ್ನೂ ಕೊಚ್ಚಿಕೊಂಡು ಹೋಯಿತು. ಪಟಿಯಾಲಾದ ಮಹಾರಾಜರ ಸಂಸ್ಥಾನದಲ್ಲಿ ಅದೇ ಮಾದರಿಯದು 1907ರಿಂದ 1927ರವರೆಗೆ ಓಡಿತು. ಅದರ ಉಗಿ ಎಂಜಿನ್ ದೆಹಲಿಯ ರೈಲು ಮ್ಯೂಸಿಯಂನಲ್ಲಿದೆ. ದೆಹಲಿಗೆ ಹೋದರೆ ನೋಡಿ, ಒಂದು ಪಕ್ಕಕ್ಕೆ ಸೈಕಲ್‌ ಕಲಿಯುವ ಮಗುವಿಗೆ ಕಟ್ಟುವ ಹಾಗೆ ದೊಡ್ಡ ಚಕ್ರ ಕಟ್ಟಿದ್ದಾರೆ.

ಇವೆಲ್ಲ ಹೋದವು. ಉಳಿದದ್ದು ಜರ್ಮನಿಯ ವುಪ್ಪರ್ತಾಲ್. ಅದು ತೂಗುವ ರೈಲು. ಹಳಿ ಮೇಲೆ, ಬೋಗಿ ಕೆಳಗೆ ಬಾವಲಿಯ ಹಾಗೆ ನೇತಾಡುತ್ತದೆ. 1901ರಿಂದ ಓಡುತ್ತಿದೆ, 13.3 ಕಿ.ಮೀ., 20 ಸ್ಟೇಷನ್. ಯಾಕೆ ತೂಗುಹಾಕಿದರು ಅಂದರೆ ಅದು ಕಿರಿದಾದ ಕಣಿವೆಯ ಊರು. ಎರಡೂ ಕಡೆ ಗುಡ್ಡ, ನಡುವೆ ವುಪ್ಪರ್ ಹೊಳೆ, ಹೊಳೆಯ ಅಂಚಿಗೆ ಕಾರ್ಖಾನೆ, ಮನೆ. ರೈಲು ಹಾಕಲು ಉಳಿದಿದ್ದು ಹೊಳೆಯ ಮೇಲಿನ ಗಾಳಿ ಒಂದೇ. ಅಲ್ಲಿ ದಾರಿಯೇ ಬೇರೆ ಇರಲಿಲ್ಲ, ಇದು ಮುಖ್ಯ.

ಈ ರೈಲಿನ ಒಂದು ಕಥೆ ಹೇಳದೆ ಮುಂದೆ ಹೋಗಲಿಕ್ಕೆ ಮನಸ್ಸಿಲ್ಲ. 1950ರ ಜುಲೈನಲ್ಲಿ ಒಂದು ಸರ್ಕಸ್ಸಿನವರು ಪ್ರಚಾರಕ್ಕೆ ಅಂತ ಟುಫಿ ಅನ್ನುವ ಆನೆಮರಿಯನ್ನು ಈ ರೈಲಿಗೆ ಹತ್ತಿಸಿದರು. ಜೊತೆಗೆ ಪತ್ರಕರ್ತರ ಗುಂಪು. ದಾಂಡೇಲಿ, ಯಲ್ಲಾಪುರ ಕಡೆಯವರಿಗೆ ಆನೆಯ ಸ್ವಭಾವ ನಾನು ಹೇಳಬೇಕಾಗಿಲ್ಲ. ಬೋಗಿ ತೂಗಾಡಿತು, ಆನೆಗೆ ಗಾಬರಿಯಾಯಿತು, ಗೋಡೆ ಒಡೆದುಕೊಂಡು ಹೊಳೆಗೆ ಬಿತ್ತು. ಮೈ ಸ್ವಲ್ಪ ತರಚಿತು, ಅಷ್ಟೇ. ಎದ್ದು ನಡೆಯಿತು! ಒಳಗಿದ್ದ ಜನಕ್ಕೇ ಹೆಚ್ಚು ಪೆಟ್ಟು ಅಂತ ಹೇಳುತ್ತಾರೆ. ಇಷ್ಟು ನಗಿಸಿದ ರೈಲೇ 1999ರ ಏಪ್ರಿಲ್‌ನಲ್ಲಿ ಅಳಿಸಿತು. ರಾತ್ರಿ ದುರಸ್ತಿ ಮಾಡಿದವರು ಹಳಿಗೆ ಕಟ್ಟಿದ್ದ ಕಬ್ಬಿಣದ ಒಂದು ತುಂಡನ್ನು ಬಿಚ್ಚದೆ ಹೋಗಿದ್ದರು. ಬೆಳಗಿನ ರೈಲು ಅದಕ್ಕೆ ಬಡಿದು ಹೊಳೆಗೆ ಬಿತ್ತು. ಐದು ಜನ ಸತ್ತರು. ರೈಲು ಮತ್ತೆ ಓಡಿತು, ಈಗಲೂ ಊರಿನವರು ಅದರಲ್ಲೇ ಕೆಲಸಕ್ಕೆ ಹೋಗುತ್ತಾರೆ.

ತೂಗುವ ರೈಲು ನಮ್ಮ ಬಾಗಿಲಿಗೂ ಬಂದಿತ್ತು ಅನ್ನುವುದು ಇಲ್ಲಿರುವ ಎಷ್ಟು ಜನಕ್ಕೆ ನೆನಪಿದೆ? ಮಡಗಾಂವ್‌ನಲ್ಲಿ. ಸ್ಕೈಬಸ್ ಅಂತ ಹೆಸರು. ಕೊಂಕಣ ರೈಲ್ವೆಯ ಬಿ. ರಾಜಾರಾಂ ಅವರ ಕಲ್ಪನೆ. ಮೇಲೆ ಪೆಟ್ಟಿಗೆಯೊಳಗೆ ಹಳಿ, ಕೆಳಗೆ ಬೋಗಿ. ಕಟ್ಟುನಿಟ್ಟಾಗಿ ಹೇಳಿದರೆ ಪೆಟ್ಟಿಗೆಯೊಳಗೆ ಎರಡು ಹಳಿ ಇದ್ದವು, ಮೋನೋ ಅಲ್ಲ. ಆದರೆ ಆಸೆ ಅದೇ: ರಸ್ತೆಯ ಮೇಲೆ ಸಪೂರ ಕಂಬ ನಿಲ್ಲಿಸಿ, ಊರು ಒಡೆಯದೆ ಜನರನ್ನು ಸಾಗಿಸುವುದು. 1.6 ಕಿ.ಮೀ. ಪರೀಕ್ಷೆಯ ಮಾರ್ಗ ಕಟ್ಟಿದ್ದರು. ಇಲ್ಲಿಂದ ಮಡಗಾಂವ್‌ಗೆ ಮೀನಿಗೋ ಮದುವೆಗೋ ಹೋದವರು ಸ್ಟೇಷನ್ ಹೊರಗೆ ಆ ಕಂಬಗಳನ್ನು ನೋಡಿದ್ದೀರಿ. 2004ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆಯ ಓಟದಲ್ಲಿ ಬೋಗಿ ಕಂಬಕ್ಕೆ ಬಡಿದು ಒಬ್ಬ ನೌಕರ ತೀರಿಹೋದ. ಅಲ್ಲಿಗೆ ಅದು ನಿಂತಿತು. ಕಂಬಗಳು ಮಾತ್ರ ಎಷ್ಟೋ ವರ್ಷ ಹಾಗೇ ನಿಂತಿದ್ದವು. ಒಬ್ಬ ಮನುಷ್ಯನ ಯೋಚನೆ ಅರ್ಧಕ್ಕೆ ನಿಂತರೆ ಹೇಗೆ ಕಾಣುತ್ತದೆ ಅಂತ ನಾನು ರೈಲಿನ ಕಿಟಕಿಯಿಂದ ನೋಡುತ್ತಿದ್ದೆ.

ಈಗ ಕಷ್ಟದ ಮಾತಿಗೆ ಬರೋಣ. ಮೊದಲು ಒಂದು ಬಸ್ಸಿನ ಕಥೆ.

ಒಮ್ಮೆ ಕುಮಟಾದಿಂದ ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ನಮ್ಮ ಬಸ್ಸು ನಿಂತುಬಿಟ್ಟಿತು. ಯಾರ ಬಸ್ಸು ಅಂತ ಬೇಡ, ಘಟ್ಟದಲ್ಲಿ ನಿಲ್ಲದ ಬಸ್ಸು ಯಾವುದಿದೆ. ಡ್ರೈವರು ಇಳಿದು ಎಂಜಿನ್ ನೋಡಿದ, ಕಂಡಕ್ಟರು ಇಳಿದು ಡ್ರೈವರನ್ನು ನೋಡಿದ. ನಾವೆಲ್ಲ ಇಳಿದೆವು. ಒಬ್ಬರು ದೇವಸ್ಥಾನದ ಕಡೆ ನಡೆದರು. ಇಬ್ಬರು ಗಂಡಸರು ಎಲೆ ಅಡಿಕೆ ಹಾಕಿ ಕಲ್ಲಿನ ಮೇಲೆ ಕೂತರು. ಒಂದು ಮಗು ವಾಂತಿ ಮಾಡಿ ಹಗುರಾಯಿತು. ಅರ್ಧ ಗಂಟೆಯಲ್ಲಿ ಅರ್ಧ ಜನ ಟೆಂಪೋ ಹಿಡಿದು ಹೋಗಿಬಿಟ್ಟಿದ್ದರು. ತಡವಾಯಿತು, ಬೈದುಕೊಂಡೆವು, ಮನೆ ಮುಟ್ಟಿದೆವು.

ಈಗ ಮೈಸೂರು ಕಾಲನಿಯಿಂದ ಭಕ್ತಿ ಪಾರ್ಕ್‌ಗೆ ಹೋಗುವ ಆ ಚಂದದ ದಾರಿಗೆ ವಾಪಸ್ ಬನ್ನಿ. 2025ರ ಆಗಸ್ಟ್ 19. ಮುಂಬೈಯಲ್ಲಿ ಜಡಿಮಳೆ. ಹಾರ್ಬರ್ ಲೈನಿನ ಲೋಕಲ್ ರೈಲು ನಿಂತಿತ್ತು. ಯಾವತ್ತೂ ಖಾಲಿ ಓಡುತ್ತಿದ್ದ ಮೋನೋರೈಲಿಗೆ ಆ ಸಂಜೆ ಜನ ಮುಗಿಬಿದ್ದರು. 104 ಟನ್ ಹೊರಬೇಕಾದ ರೈಲಿನ ತೂಕ 109 ಟನ್ ಆಯಿತು. ಮೋನೋರೈಲಿಗೆ ವಿದ್ಯುತ್ ಬರುವುದು ತೊಲೆಯ ಪಕ್ಕದಲ್ಲಿ ಕೂರಿಸಿದ ಪಟ್ಟಿಯಿಂದ. ರೈಲಿನ ಅಡಿಯಿಂದ ಚಾಚಿದ ಒಂದು ತೋಳು ಆ ಪಟ್ಟಿಯನ್ನು ಸವರಿಕೊಂಡು ಹೋಗಬೇಕು. ಭಾರಕ್ಕೆ ತೋಳಿಗೂ ಪಟ್ಟಿಗೂ ಸಂಪರ್ಕ ತಪ್ಪಿತು. ಕರೆಂಟ್ ಹೋಯಿತು. ಎ.ಸಿ. ನಿಂತಿತು, ದೀಪ ಆರಿತು, ಕಿಟಕಿ ತೆರೆಯುವುದಿಲ್ಲ. ಒಳಗೆ 582 ಜನ.

ಇಳಿಯುವುದು ಎಲ್ಲಿಗೆ? ಮಾಮೂಲಿ ರೈಲಾದರೆ ಜಲ್ಲಿಕಲ್ಲಿನ ಮೇಲೆ ಹಾರಿ ನಡೆಯಬಹುದು. ಮೆಟ್ರೋ ಆದರೆ ಹಳಿಯ ಪಕ್ಕ ನಡೆಯಲಿಕ್ಕೆ ಜಾಗ ಇರುತ್ತದೆ. ಇಲ್ಲಿ ಬಾಗಿಲು ತೆರೆದರೆ ಗಾಳಿ. ಅಗ್ನಿಶಾಮಕದವರು ಏಣಿಯ ಗಾಡಿ ತಂದು, ಎತ್ತರಕ್ಕೆ ಚಾಚಿ, ಒಬ್ಬೊಬ್ಬರನ್ನೇ ಇಳಿಸಿದರು. ಗಂಟೆಗಟ್ಟಲೆ ಹಿಡಿಯಿತು. ಒಳಗೆ ಉಸಿರು ಕಟ್ಟಿದವರು, ಅತ್ತವರು. ಯಾರೂ ಸಾಯಲಿಲ್ಲ ಅನ್ನುವುದೊಂದೇ ಸಮಾಧಾನ. ನಾನು ಆ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡುವಾಗ ಹುಡುಗನ ಪ್ರಶ್ನೆಯೇ ನೆನಪಾಗುತ್ತಿತ್ತು. ಯಾವುದರ ಮೇಲೆ ಹೋಗ್ತಾ ಇದೀವಿ ಮಾಮಾ?

ತಿಂಗಳೊಳಗೆ ಇನ್ನೊಂದು ಸಲ ರೈಲು ನಡುದಾರಿಯಲ್ಲಿ ನಿಂತಿತು. ಸೆಪ್ಟೆಂಬರ್ 20ರಿಂದ ಓಡಾಟವನ್ನೇ ನಿಲ್ಲಿಸಿ, ಹೊಸ ರೈಲು, ಹೊಸ ಸಿಗ್ನಲ್ ಜೋಡಿಸುವ ಕೆಲಸಕ್ಕೆ ಇಳಿದರು.

ನಾನು ಹೇಳಬೇಕೆಂದಿದ್ದು ಇಲ್ಲಿದೆ. ಮುಂಬೈಯವರು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಬೈಯುವುದು ಸುಲಭ. ಆದರೆ ನನಗೆ ಉಪ್ಪಿನಾಗರ ತೋರಿಸಿದ್ದು ಯಾವುದೋ, ಆ 582 ಜನರನ್ನು ಸಿಕ್ಕಿಸಿದ್ದೂ ಅದೇ. ತೊಲೆ ಸಪೂರ. ಸಪೂರ ಅಂತಲೇ ಕೆಳಗಿನ ರಸ್ತೆಗೆ ಬಿಸಿಲು ಬೀಳುತ್ತದೆ, ಕಿಟಕಿಯಿಂದ ಎಲ್ಲ ಕಾಣುತ್ತದೆ. ಸಪೂರ ಅಂತಲೇ ಕಾಲಿಡಲು ಜಾಗ ಇಲ್ಲ. ಸರಿ, ಪಕ್ಕದಲ್ಲಿ ಒಂದು ನಡೆದಾರಿ ಜೋಡಿಸಿ ಅನ್ನುತ್ತೀರಾ? ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಎರಡು ತೊಲೆಗಳ ನಡುವೆ ಕಬ್ಬಿಣದ ನಡೆದಾರಿ ಹಾಕಿದ್ದಾರೆ. ಒಳ್ಳೆಯದೇ. ಆದರೆ ಆ ದಾರಿ ಅಗಲವಾದಷ್ಟೂ ಕೆಳಗಿನ ಬಿಸಿಲು ಕಮ್ಮಿ, ಖರ್ಚು ಜಾಸ್ತಿ. ಹಾಗೇ ಮಾಡುತ್ತ ಹೋದರೆ ಕೊನೆಗೆ ಮೆಟ್ರೋ ಸೇತುವೆಯೇ ಆಗುತ್ತದೆ, ಆಮೇಲೆ ಮೋನೋ ಯಾಕೆ?

ಇನ್ನೊಂದು ತೊಡಕು ದಾರಿ ಬದಲಿಸುವುದು. ಎರಡು ಹಳಿಯ ರೈಲಿಗೆ ಒಂದು ಚೂಪು ತುದಿಯ ಹಳಿ ನಾಲ್ಕು ಬೆರಳು ಸರಿದರೆ ಆಯಿತು, ಗಾಡಿ ಬೇರೆ ಲೈನಿಗೆ ಹೋಗುತ್ತದೆ. ಮೋನೋರೈಲಿಗೆ ಇಡೀ ತೊಲೆಯೇ ಸರಿಯಬೇಕು ಅಥವಾ ಬಾಗಬೇಕು. ಯಂತ್ರ ದೊಡ್ಡದು, ಹೊತ್ತು ಜಾಸ್ತಿ. ಅದಕ್ಕೇ ಅಂಥ ಜಾಗಗಳನ್ನು ಆದಷ್ಟು ಕಮ್ಮಿ ಇಡುತ್ತಾರೆ. ಕಮ್ಮಿ ಇಟ್ಟರೆ ಕೆಟ್ಟು ನಿಂತ ರೈಲನ್ನು ಬದಿಗೆ ತಳ್ಳಲು ಆಗುವುದಿಲ್ಲ. ಸಂಕದಲ್ಲಿ ಎದುರಿನವರು ಬಂದ ಹಾಗೆ. 2024ರ ಆಗಸ್ಟ್‌ನಲ್ಲಿ ನಮ್ಮ ಕಾಳಿ ಹೊಳೆಯ ಹಳೆ ಸೇತುವೆ ಮಧ್ಯರಾತ್ರಿ ಕುಸಿದದ್ದು ಯಾರಿಗೆ ಮರೆತಿದೆ? ಲಾರಿ ಹೊಳೆಗೆ ಬಿತ್ತು, ಡ್ರೈವರು ಪುಣ್ಯಕ್ಕೆ ಬದುಕಿದ. ಪಕ್ಕದಲ್ಲಿ ಇನ್ನೊಂದು ಸೇತುವೆ ಇದ್ದದ್ದಕ್ಕೆ ಗೋವಾ ರಸ್ತೆ ಪೂರ್ತಿ ಕಡಿದುಹೋಗಲಿಲ್ಲ. ಆ ಒಂದು ಇರದಿದ್ದರೆ ಸದಾಶಿವಗಡದವರು ಕಾರವಾರಕ್ಕೆ ಬರಲು ಎಷ್ಟು ಸುತ್ತಬೇಕಿತ್ತು, ನೀವೇ ಲೆಕ್ಕ ಹಾಕಿ.

ಬಿಡಿಭಾಗದ ಗೋಳು ಬೇರೆ. ಮೋನೋರೈಲಿಗೆ ಎಲ್ಲರೂ ಒಪ್ಪಿದ ಒಂದು ಅಳತೆ ಅಂತ ಇಲ್ಲ. ಒಬ್ಬರು ಕಟ್ಟಿದ ತೊಲೆಯ ಮೇಲೆ ಇನ್ನೊಬ್ಬರ ರೈಲು ಕೂರುವುದಿಲ್ಲ. ಮುಂಬೈಯ ರೈಲುಗಳನ್ನು ಮಾಡಿಕೊಟ್ಟಿದ್ದು ಮಲೇಷ್ಯಾದ ಒಂದು ಕಂಪನಿ. ಅದು ಕೈಸೋತಾಗ ಬಿಡಿಭಾಗ ಸಿಗದೆ ರೈಲುಗಳು ಡಿಪೋದಲ್ಲೇ ನಿಂತವು. ಓಡುವ ರೈಲು ಕಮ್ಮಿ ಆದ್ದರಿಂದ ಒಂದು ತಪ್ಪಿದರೆ ಇನ್ನೊಂದಕ್ಕೆ ಹದಿನೈದು ಇಪ್ಪತ್ತು ನಿಮಿಷ. ಮುಂಬೈಯವರು ಅಷ್ಟು ಹೊತ್ತು ಮದುವೆ ಊಟಕ್ಕೂ ಕಾಯುವುದಿಲ್ಲ. ದಿನಕ್ಕೆ ಲಕ್ಷ ಜನ ಹತ್ತುತ್ತಾರೆ ಅಂತ ಅಂದಾಜಿತ್ತು, ಹತ್ತಿದ್ದು 20 ಸಾವಿರದೊಳಗೆ. ಲೋಕಲ್ ಸ್ಟೇಷನ್‌ಗಳಿಗೆ ಅದು ಸರಿಯಾಗಿ ಮುಟ್ಟುವುದಿಲ್ಲ. ಕೊನೆಯಲ್ಲಿ ಇಳಿದು ಮಹಾಲಕ್ಷ್ಮಿ ಸ್ಟೇಷನ್‌ಗೆ ಬಿಸಿಲಲ್ಲಿ ನಡೆಯಬೇಕು. ಭಾವ ಹೇಳಿದ್ದು ಸರಿಯೇ ಇತ್ತು, ಅವರ ಮುಂದೆ ನಾನು ಒಪ್ಪಿಕೊಂಡಿಲ್ಲ ಅಷ್ಟೇ.

ಹಾಗಾದರೆ ಎಲ್ಲೂ ನಡೆಯುವುದಿಲ್ಲವಾ? ನಡೆಯುತ್ತದೆ. ಟೋಕಿಯೋದಲ್ಲಿ 1964ರ ಒಲಿಂಪಿಕ್ಸ್‌ಗೆ ಸ್ವಲ್ಪ ಮೊದಲು ಶುರುವಾದದ್ದು ಇವತ್ತಿಗೂ ಹನೆದಾ ವಿಮಾನ ನಿಲ್ದಾಣಕ್ಕೆ ಜನರನ್ನು ಒಯ್ಯುತ್ತಿದೆ. ಕಾಲುವೆಗಳ ನೀರಿನಲ್ಲೇ ಕಂಬ ನಿಲ್ಲಿಸಿದ್ದಾರೆ. ಚೀನಾದ ಚೊಂಗ್‌ಚಿಂಗ್ ಇನ್ನೂ ದೊಡ್ಡ ಉದಾಹರಣೆ. ಎರಡು ದೊಡ್ಡ ನದಿ ಕೂಡುವ ಜಾಗ, ಊರೆಲ್ಲ ಕಡಿದಾದ ಗುಡ್ಡ. ಅಲ್ಲಿನ ಮೂರನೇ ಲೈನು ಒಂದೇ ಸುಮಾರು 67 ಕಿ.ಮೀ. ಇದೆ. ಎರಡನೇ ಲೈನಿನಲ್ಲಿ ಲಿಜಿಬಾ ಅನ್ನುವ ಸ್ಟೇಷನ್ ಜನ ವಾಸಿಸುವ ಕಟ್ಟಡದ ಹೊಟ್ಟೆಯೊಳಗೇ ಇದೆ. ರೈಲು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುತ್ತದೆ.

ಅಲ್ಲಿ ಯಾಕೆ ಒಗ್ಗಿತು ಅನ್ನುವುದು ನಮ್ಮ ಜಿಲ್ಲೆಯವರಿಗೆ ಬೇಗ ತಿಳಿಯುತ್ತದೆ. ಕ್ಯಾಸಲ್‌ರಾಕ್‌ನಿಂದ ಗೋವಾ ಕಡೆಗೆ ಇಳಿಯುವ ಘಟ್ಟದಲ್ಲಿ ರೈಲು ದಾರಿ 37 ಮೀಟರಿಗೆ ಒಂದು ಮೀಟರ್ ಏರುತ್ತದೆ. ಅಷ್ಟಕ್ಕೇ ಹಿಂದಿನಿಂದ ಇನ್ನಷ್ಟು ಎಂಜಿನ್ ಹಚ್ಚಿ ದೂಡಬೇಕು. ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ. ಕಾಂಕ್ರೀಟಿನ ಮೇಲೆ ರಬ್ಬರು ಟೈರಿಗೆ ಹಿಡಿತ ಜಾಸ್ತಿ, 100 ಮೀಟರಿಗೆ 6 ಮೀಟರ್ ಏರುವುದು ಮೋನೋರೈಲಿಗೆ ಕಷ್ಟವಲ್ಲ. ತಿರುವನ್ನೂ ಗಿಡ್ಡದಾಗಿ ತೆಗೆದುಕೊಳ್ಳುತ್ತದೆ. ಬೇರೆ ದಾರಿ ಇಲ್ಲದ ಕಡೆ, ಕವಲು ಬೇಡದ ಕಡೆ, ಹತ್ತುವ ಜನ ದಂಡಿಯಾಗಿ ಇರುವ ಕಡೆ ಇದು ಕೆಲಸ ಮಾಡುತ್ತದೆ.

ಚಹಾ ಕುಡಿಯುವಾಗ ಒಬ್ಬ ಹುಡುಗ ಕೇಳಿದ, ಇಲ್ಲೇ ಎಲ್ಲೋ ಕೂತಿದ್ದಾನೆ: "ಸರ್, ಕೋಡಿಬಾಗದಿಂದ ಬೈತಖೋಲದವರೆಗೆ ಸಮುದ್ರದ ಗುಂಟ ಒಂದು ಹಾಕಿದ್ರೆ ಹೇಗೆ? ಪ್ರವಾಸಿಗಳು ಬರ್ತಾರೆ." ಬರುತ್ತಾರೆ. ನಾನೇ ಮೊದಲ ದಿನ ಹತ್ತುತ್ತೇನೆ. ಟ್ಯಾಗೋರ್ ಬೀಚಿನ ಮೇಲೆ, ಯುದ್ಧ ನೌಕೆಯ ಮ್ಯೂಸಿಯಂ ಪಕ್ಕದಲ್ಲಿ, ಸೂರ್ಯ ಮುಳುಗುವ ಹೊತ್ತಿಗೆ! ಆದರೆ ಸಿಡ್ನಿಯವರೂ ಹಾಗೇ ಮಾಡಿದ್ದರು. 1988ರಲ್ಲಿ, ಬಂದರಿನ ಪ್ರವಾಸಿಗಳಿಗೆ ಅಂತ, 3.6 ಕಿ.ಮೀ. ಸುತ್ತು. ಓಡುವುದು ಒಂದೇ ದಿಕ್ಕಿಗೆ. ಹಿಂದಿನ ಸ್ಟೇಷನ್‌ಗೆ ಹೋಗಬೇಕಾದರೆ ಇಡೀ ಸುತ್ತು ಹೊಡೆಯಬೇಕು. ಪ್ರವಾಸಿ ಒಂದು ಸಲ ಹತ್ತಿದ, ಊರಿನವನು ಹತ್ತಲೇ ಇಲ್ಲ. 2013ರ ಜೂನ್‌ನಲ್ಲಿ ಮುಚ್ಚಿ ಕಂಬ ಕಿತ್ತರು. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ. ಹತ್ತಿರ ಮಳೆ, ಮೇಲಿಂದ ಉಪ್ಪುಗಾಳಿ. ಬೀಚಿನ ಪಕ್ಕದ ಮನೆಯ ಕಿಟಕಿ ಸರಳು ಎಷ್ಟು ವರ್ಷಕ್ಕೆ ತುಕ್ಕು ತಿನ್ನುತ್ತದೆ ಅಂತ ಕೋಡಿಬಾಗದವರನ್ನೇ ಕೇಳಿ. ಆ ಗಾಳಿಯಲ್ಲಿ ಬರಿಮೈಯ ವಿದ್ಯುತ್ ಪಟ್ಟಿ! ಸಂಜೆ ಹೊತ್ತು ಹತ್ತು ನಿಮಿಷಕ್ಕೊಂದು ಒಳ್ಳೆ ಬಸ್ಸು ಬಿಡಿ ಅಂತ ಕೇಳುವುದು ವಾಸಿ. ಅದು ಕೆಟ್ಟರೆ ಇಳಿದು ಕಡಲೆ ತಿನ್ನುತ್ತ ನಡೆಯಬಹುದು.

ಹುಡುಗನ ಮುಖ ಸಣ್ಣದಾಯಿತು. ಬೇಸರ ಬೇಡ, ನಮ್ಮ ಜಿಲ್ಲೆಗೆ ಹೊಂದುವ ಮೋನೋರೈಲೂ ಒಂದಿದೆ. ಜಪಾನಿನಲ್ಲಿ ಗುಡ್ಡದ ಇಳಿಜಾರಿನಲ್ಲಿ ಕಿತ್ತಳೆ ಬೆಳೆಯುತ್ತಾರೆ. 1960ರ ದಶಕದಿಂದ ಅವರು ತೋಟದಲ್ಲಿ ಒಂಟಿ ಹಳಿಯ ಸಣ್ಣ ಗಾಡಿ ಬಳಸುತ್ತಿದ್ದಾರೆ. ಮೊಣಕಾಲೆತ್ತರದ ಊರುಗೋಲಿನ ಮೇಲೆ ಒಂದು ಕಬ್ಬಿಣದ ಹಳಿ. ಹಳಿಯ ಅಡಿಗೆ ಗರಗಸದ ಹಾಗೆ ಹಲ್ಲು. ಗಾಡಿಯ ಹಲ್ಲಿನ ಚಕ್ರ ಅದನ್ನು ಕಚ್ಚಿಕೊಂಡು, ಮನುಷ್ಯ ಕೈ ಊರಿ ಹತ್ತಬೇಕಾದ ಏರಿನಲ್ಲೂ ನಿಧಾನ ಏರುತ್ತದೆ. ಚಿಕ್ಕ ಎಂಜಿನ್, ಹಿಂದೆ ಒಂದು ತಟ್ಟೆ, ತಟ್ಟೆಯಲ್ಲಿ ಹಣ್ಣಿನ ಬುಟ್ಟಿ. ಕೆಟ್ಟರೆ ಪಕ್ಕದಲ್ಲೇ ನೆಲ ಇದೆ. ಕವಲು ಬೇಡ, ಒಂದೇ ದಾರಿ: ತೋಟದಿಂದ ಮನೆಗೆ.

ನಮ್ಮ ಅಡಿಕೆ ತೋಟ ಇರುವುದು ಕಣಿವೆಯಲ್ಲಿ, ಮನೆ ಇರುವುದು ಮೇಲೆ. ಕೊಯ್ದ ಅಡಿಕೆ ಕೊನೆಯನ್ನು ಹೊತ್ತು ತರಲು ಆಳು ಸಿಗುವುದಿಲ್ಲ ಅಂತ ಶಿರಸಿ, ಸಿದ್ದಾಪುರದ ಎಲ್ಲ ಮನೆಯಲ್ಲೂ ಒಂದೇ ಗೋಳು. ಕಳೆದ ತಿಂಗಳು ಊರಿಗೆ ಹೋದಾಗ ದಾಯಾದಿ ಅಣ್ಣನಿಗೆ ಮೊಬೈಲಿನಲ್ಲಿ ಈ ಗಾಡಿಯ ವಿಡಿಯೋ ತೋರಿಸಿದೆ. ಜಗಲಿಯಲ್ಲಿ ಕೂತು ಎರಡು ಸಲ ನೋಡಿದ. ಕವಳ ಉಗಿದು ಬಂದು ಮೂರನೇ ಸಲ ನೋಡಿದ. ಬೆಲೆ ಎಷ್ಟು ಅಂತ ಕೇಳುತ್ತಾನೆ ಅಂದುಕೊಂಡಿದ್ದೆ.

"ಅಲ್ದಾ ತಮಾ, ಮಂಗ ಹತ್ತಿ ಕೂತರೆ?" ಅಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮಲ್ಲಿ ತೋಟ ಇರುವವರು ಯಾರಾದರೂ ಯೋಚಿಸಿ ನೋಡಿ.